ಒಂದರೊಳಗೆ ಇನ್ನೊಂದು ಬಿದ್ದರೆ

ಮದುವೆಯಾದ ಹನ್ನೊಂದನೆಯ ದಿನ ವಿಚ್ಛೇದನ ಪಡೆದು, ಮರುದಿನ ಅವಳಿ ಮಕ್ಕಳ ತಂದೆಯಾದ ಗಂಡಸನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ನಾನೇ ಸೃಷ್ಟಿಸಿದ್ದೇನೆ. ಮಂಗಳೂರಿನ ನಮ್ಮ ಆಫೀಸಿನ ಮೂರನೆಯ ಮಹಡಿಯಲ್ಲಿ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಇಂಥವರನ್ನು ದಿನಕ್ಕೆ ಹತ್ತು ಹದಿನೈದು ಮಂದಿಯ ಹಾಗೆ ಸೃಷ್ಟಿಸುವುದೇ ಆ ವರ್ಷ ನನ್ನ ಕೆಲಸವಾಗಿತ್ತು. ಅದಕ್ಕೆ ಸಂಬಳವನ್ನೂ ಕೊಡುತ್ತಿದ್ದರು.

ನಮ್ಮ ಕಂಪೆನಿ ಬೇರೆ ಕಂಪೆನಿಗಳಿಗೆ ಒಂದು ಸಾಫ್ಟ್‌ವೇರ್ ಮಾರುತ್ತದೆ. ನೌಕರರ ಆರೋಗ್ಯ ವಿಮೆಯಲ್ಲಿ ಯಾರು ಯಾರು ಇದ್ದಾರೆ, ಹೆಂಡತಿ, ಗಂಡ, ಮಕ್ಕಳು, ತಂದೆ ತಾಯಿ ಎಂಬ ಪಟ್ಟಿಯನ್ನು ಇಟ್ಟುಕೊಳ್ಳುವುದು ಅದರ ಕೆಲಸ. ಈ ಪಟ್ಟಿಯನ್ನು ಮನಸ್ಸು ಬಂದಾಗಲೆಲ್ಲ ತಿದ್ದುವ ಹಾಗಿಲ್ಲ. ವರ್ಷಕ್ಕೊಮ್ಮೆ, ಏಪ್ರಿಲ್‌ನಲ್ಲಿ ಬಾಗಿಲು ತೆರೆಯುತ್ತದೆ. ನಡುವೆ ತೆರೆಯಬೇಕಾದರೆ ಬದುಕಿನಲ್ಲಿ ಏನಾದರೂ ನಡೆಯಬೇಕು. ಮದುವೆಯಾಗಬೇಕು, ಮಗು ಹುಟ್ಟಬೇಕು, ದತ್ತು ತೆಗೆದುಕೊಳ್ಳಬೇಕು, ವಿಚ್ಛೇದನ ಆಗಬೇಕು, ಇಲ್ಲವೇ ಯಾರಾದರೂ ಸಾಯಬೇಕು. ಇಂಥ ಏಳು ಘಟನೆಗಳಿಗೆ ನಮ್ಮಲ್ಲಿ ‘ಲೈಫ್ ಇವೆಂಟ್’ ಎನ್ನುತ್ತಾರೆ. ಇಂಥದ್ದೊಂದು ನಡೆದರೆ ಮೂವತ್ತು ದಿನ ಬಾಗಿಲು ತೆರೆದಿರುತ್ತದೆ. ಅಷ್ಟರೊಳಗೆ ಹೆಸರು ಸೇರಿಸಿದರೆ ಸೇರಿತು, ಇಲ್ಲವಾದರೆ ಮುಂದಿನ ಏಪ್ರಿಲ್‌ವರೆಗೆ ಕಾಯಬೇಕು.

ಇಷ್ಟೇ ಆಗಿದ್ದರೆ ಯಾರಿಗೂ ನನ್ನ ಅಗತ್ಯವಿರುತ್ತಿರಲಿಲ್ಲ. ತೊಂದರೆ ಬರುವುದು ಒಂದು ಘಟನೆಯ ಮೂವತ್ತು ದಿನ ಮುಗಿಯುವ ಮೊದಲೇ ಇನ್ನೊಂದು ಬಂದು ಬಿದ್ದಾಗ. ಮದುವೆಯ ಬಾಗಿಲು ತೆರೆದಿರುವಾಗಲೇ ತಂದೆ ತೀರಿಕೊಂಡರೆ? ಮಗು ಹುಟ್ಟಿದ ವಾರದಲ್ಲೇ ಗಂಡ ಹೆಂಡತಿ ಕೋರ್ಟಿನಲ್ಲಿ ಬೇರೆಯಾದರೆ? ಮೊದಲಿನ ಬಾಗಿಲನ್ನು ಮುಚ್ಚಲೋ, ಎರಡನ್ನೂ ತೆರೆದಿಡಲೋ, ಎರಡನ್ನೂ ಸೇರಿಸಿ ಒಂದೇ ಮಾಡಲೋ ಎಂದು ಸಾಫ್ಟ್‌ವೇರ್ ಕೇಳುತ್ತದೆ. ಅದಕ್ಕೆ ಸ್ವಂತ ಬುದ್ಧಿ ಇಲ್ಲ. ಪ್ರತಿಯೊಂದು ಜೋಡಿಗೂ ನಾವು ಉತ್ತರ ಬರೆದಿಡಬೇಕು. ಏಳು ಘಟನೆಗಳನ್ನು ಅಡ್ಡಕ್ಕೆ, ಅದೇ ಏಳನ್ನು ಉದ್ದಕ್ಕೆ ಬರೆದು ನಾನೊಂದು ಕೋಷ್ಟಕ ಮಾಡಿದೆ. ಒಟ್ಟು ನಲವತ್ತೊಂಬತ್ತು ಮನೆ, ಒಂದೊಂದು ಮನೆಯಲ್ಲೂ ಒಂದೊಂದು ಸಂಸಾರದ ಗೋಳು.

ನನ್ನ ಜೊತೆ ಇದ್ದವಳು ಟೆಸ್ಟಿಂಗ್ ಮಾಡುವ ಹುಡುಗಿ. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವಳು, ಯಾವುದನ್ನೂ ಸುಮ್ಮನೆ ಒಪ್ಪುವ ಜಾತಿಯಲ್ಲ. ಮದುವೆಯ ಮೇಲೆ ಮದುವೆ ಬೀಳುವ ಮನೆಯಲ್ಲಿ ನಾನು ‘ಅಸಾಧ್ಯ’ ಎಂದು ಬರೆದದ್ದನ್ನು ನೋಡಿ ಅವಳು, “ಅಸಾಧ್ಯ ಅಂತ ಯಾಕೆ ಹೇಳ್ತೀರಿ ಅಕ್ಕ? ಕಾನೂನುಬಾಹಿರ ಅಂತ ಬರೆಯಿರಿ. ಅಸಾಧ್ಯ ಏನಲ್ಲ” ಎಂದಳು. ಅದರ ಬಗ್ಗೆ ಕ್ಯಾಂಟೀನಿನಲ್ಲಿ ಬನ್ಸ್ ತಿನ್ನುತ್ತ ಅರ್ಧ ಗಂಟೆ ಚರ್ಚೆಯಾಯಿತು. ಪಕ್ಕದ ಮೇಜಿನವರು ನಾವು ಯಾರದೋ ಮನೆ ಮುರಿಯುವ ಪಿತೂರಿ ಮಾಡುತ್ತಿದ್ದೇವೆ ಎಂದುಕೊಂಡು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

ಹಾಸ್ಯ ಮಾಡುತ್ತ ಮಾಡುತ್ತ ಮೂವತ್ತು ಮನೆ ತುಂಬಿದವು. ಉಳಿದವುಗಳಲ್ಲಿ ಗಾಡಿ ನಿಂತಿತು. ಒಂದು ಕಡೆ ಮುಚ್ಚು ಎಂದರೆ ಇನ್ನೊಂದು ಕಡೆ ಯಾರೋ ಹೊರಗುಳಿಯುತ್ತಾರೆ, ತೆರೆದಿಡು ಎಂದರೆ ಒಂದೇ ಹೆಸರು ಎರಡು ಸಲ ಸೇರುತ್ತದೆ. ಎಲ್ಲದಕ್ಕೂ ಹೊಂದುವ ಒಂದು ಮೂಲ ನಿಯಮ ಬೇಕಿತ್ತು. ಪುಣೆಯಲ್ಲಿ ಕೂತಿದ್ದ ನಮ್ಮ ಮ್ಯಾನೇಜರು ದಿನಾ ಬೆಳಗ್ಗೆ ಫೋನ್ ಮಾಡಿ “ಆಯಿತಾ” ಎಂದು ಕೇಳುವರು. ದಿನಾ ಬೆಳಗ್ಗೆ ನಾನು “ಆಗ್ತಾ ಉಂಟು” ಎನ್ನುವುದನ್ನು ಇಂಗ್ಲಿಷಿನಲ್ಲಿ ಬೇರೆ ಬೇರೆ ರೀತಿ ಹೇಳುತ್ತಿದ್ದೆ.

ಈಗ ನನ್ನ ದೊಡ್ಡಮ್ಮನ ವಿಷಯಕ್ಕೆ ಬರಬೇಕು. ಪಡೀಲಿನ ಮನೆಯಲ್ಲಿ ನಾನು ಮತ್ತು ಅವರು ಇಬ್ಬರೇ. ಅಮ್ಮನ ಅಕ್ಕ. ಶಾಲೆಗೆ ಹೋದದ್ದು ಐದನೆಯ ಕ್ಲಾಸಿನವರೆಗೆ, ಆದರೆ ನಮ್ಮ ಕುಟುಂಬದ ಮಟ್ಟಿಗೆ ಅವರೇ ಹೈಕೋರ್ಟು. ತುಳುನಾಡಿನಲ್ಲಿ ಮಗು ಹುಟ್ಟಿದರೆ ಆ ಮನೆಯವರಿಗೆ ‘ಅಮೆ’, ಯಾರಾದರೂ ಸತ್ತರೆ ‘ಸೂತಕ’. ಎರಡೂ ಮೈಲಿಗೆಯೇ. ಅಷ್ಟು ದಿನ ದೇವಸ್ಥಾನಕ್ಕೆ ಹೋಗುವಂತಿಲ್ಲ, ಶುಭಕಾರ್ಯ ಮಾಡುವಂತಿಲ್ಲ. ನಮ್ಮದು ತಾಯಿಯ ಕಡೆಯಿಂದ ಹಬ್ಬಿದ ದೊಡ್ಡ ಕುಟುಂಬವಾದ್ದರಿಂದ ಯಾವಾಗಲೂ ಎಲ್ಲೋ ಒಂದು ಕಡೆ ಯಾರೋ ಹುಟ್ಟುತ್ತಲೋ ಸಾಯುತ್ತಲೋ ಇರುತ್ತಾರೆ. ಊರಿನಿಂದ, ದುಬೈಯಿಂದ, ಮಸ್ಕತ್ತಿನಿಂದ ದೊಡ್ಡಮ್ಮನಿಗೆ ಫೋನು. “ಅಲ್ಲಿ ಅಜ್ಜಿ ಹೋದ್ರು, ಇಲ್ಲಿ ನಾಡಿದ್ದು ಗೃಹಪ್ರವೇಶ ಉಂಟು, ಎಂತ ಮಾಡುವುದು?” ದೊಡ್ಡಮ್ಮ ಕಣ್ಣು ಮುಚ್ಚಿ ಬೆರಳ ಗೆಣ್ಣಿನಲ್ಲಿ ದಿನ ಎಣಿಸಿ ತೀರ್ಪು ಕೊಡುವರು. ಮೇಲ್ಮನವಿಗೆ ಅವಕಾಶವಿಲ್ಲ.

ಒಂದು ಸಂಜೆ ನಾನು ಆಫೀಸಿನಿಂದ ಬಂದು ಕಾಫಿ ಹಿಡಿದು ಕೂತಿದ್ದೆ. ದೊಡ್ಡಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಬಸಳೆಯ ಎಲೆ ಬಿಡಿಸುತ್ತಿದ್ದರು. ಆ ಕಡೆಯಿಂದ ದೂರದ ಸೋದರಿಯೊಬ್ಬಳ ಗೋಳು. ಸೋದರಮಾವ ತೀರಿಕೊಂಡು ಆರು ದಿನ, ಸೂತಕ ನಡೆಯುತ್ತಿದೆ, ಅಷ್ಟರಲ್ಲಿ ತಂಗಿಗೆ ಹೆರಿಗೆಯಾಗಿದೆ. ಈಗ ಸೂತಕ ಮುಗಿದ ಮೇಲೆ ಅಮೆಯ ದಿನ ಬೇರೆ ಎಣಿಸಬೇಕೋ? ನಮ್ಮ ಮನೆಯ ಮಾತು ತುಳು, ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಸೂತಕದ ಒಳಗೆ ಅಮೆ ಬಿದ್ದದ್ದಲ್ವಾ?” ಎಂದರು ದೊಡ್ಡಮ್ಮ. “ಒಂದರ ಒಳಗೆ ಇನ್ನೊಂದು ಬಿದ್ರೆ, ಮೊದಲಿನದ್ದು ಮುಗಿಯುವಾಗ ಎರಡನೆಯದ್ದೂ ಮುಗಿಯಿತು. ಬೇರೆ ಎಣಿಸ್ಲಿಕ್ಕಿಲ್ಲ. ಆದ್ರೆ...”

ಅವರ ‘ಆದ್ರೆ’ ನನಗೆ ಕೇಳಿಸಲಿಲ್ಲ. ಕೇಳಿಸಿತು, ಆದರೆ ನಾನು ಎದ್ದಾಗಿತ್ತು. ನನಗೊಂದು ಕೆಟ್ಟ ಗುಣವಿದೆ. ಉತ್ತರ ಹೊಳೆದ ಮೇಲೆ ಉಳಿದದ್ದನ್ನು ಕೇಳುವ ತಾಳ್ಮೆ ಇರುವುದಿಲ್ಲ. ಕರೆಂಟು ಬಿಲ್ಲಿನ ಹಿಂದೆ ಬರೆದುಕೊಂಡೆ: ಒಂದರೊಳಗೆ ಇನ್ನೊಂದು ಬಿದ್ದರೆ ಮೊದಲಿನದರ ಜೊತೆಗೇ ಎರಡನೆಯದೂ ಮುಗಿಯುವುದು. ಎಷ್ಟು ಚೊಕ್ಕ! ನಲವತ್ತೊಂಬತ್ತು ಮನೆಗೂ ಒಂದೇ ಬೀಗದ ಕೈ. ನೂರಾರು ವರ್ಷ ಸಾವಿರಾರು ಮನೆಗಳಲ್ಲಿ ಪರೀಕ್ಷೆಯಾಗಿ ಬಂದ ನಿಯಮ, ಇದಕ್ಕಿಂತ ಹೆಚ್ಚಿನ ಟೆಸ್ಟಿಂಗ್ ಯಾವ ಕಂಪೆನಿ ಮಾಡೀತು ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಹನ್ನೊಂದು ಗಂಟೆಯೊಳಗೆ ಕೋಷ್ಟಕ ಭರ್ತಿ. ನಿಯಮದ ಪತ್ರದಲ್ಲಿ ‘ಆಧಾರ’ ಎಂಬ ಒಂದು ಕಾಲಮ್ ಇತ್ತು. ಅಲ್ಲಿ ‘ಸ್ಥಳೀಯ ರೂಢಿ’ ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಬರೆದೆ. ಟೆಸ್ಟಿಂಗ್ ಹುಡುಗಿ ಮಾತ್ರ ಹುಬ್ಬು ಗಂಟಿಕ್ಕಿದಳು.

“ಎರಡನೆಯದಕ್ಕೆ ಪೂರ ಮೂವತ್ತು ದಿನ ಯಾಕಿಲ್ಲ ಅಕ್ಕ?”

“ಎಲ್ಲ ಕಡೆ ಹಾಗೇ ಅಲ್ವಾ ಮಾರಾಯ್ತಿ. ಮೊದಲಿನದ್ದು ಮುಗಿಯುವಾಗ ಅದೂ ಮುಗೀತದೆ.”

“ನಮ್ಮಲ್ಲಿ ಹಾಗೆ ಇಲ್ಲ.”

“ನಿಮ್ಮಲ್ಲಿ ಎಂತ ಉಂಟು? ಸತ್ತ ಮೂರನೇ ದಿನಕ್ಕೆ ಬಿರಿಯಾನಿ.”

ಅವಳು ನಕ್ಕಳು, ಸುತ್ತಲಿದ್ದವರೂ ನಕ್ಕರು. ಸುತ್ತಲಿದ್ದವರೆಲ್ಲ ಸೂತಕ ಪಾಲಿಸುವ ಮನೆಗಳಿಂದಲೇ ಬಂದವರು, ಅವರಿಗೆ ನಿಯಮ ತೀರಾ ಸಹಜವಾಗಿ ಕಂಡಿತ್ತು. ಆ ಇಡೀ ಕೋಣೆಯಲ್ಲಿ ತಪ್ಪನ್ನು ಕಾಣಬಲ್ಲವಳು ಅವಳೊಬ್ಬಳೇ ಇದ್ದಳು. ಅವಳ ಬಾಯಿಯನ್ನು ನಾನು ತಮಾಷೆ ಮಾಡಿ ಮುಚ್ಚಿಸಿದೆ. ಪುಣೆಯಿಂದ ಮ್ಯಾನೇಜರ ಒಪ್ಪಿಗೆಯೂ ಮಧ್ಯಾಹ್ನದೊಳಗೆ ಬಂತು. ಹೊರಗೆ ಮಾರುವ ಮೊದಲು ನಮ್ಮ ಆಫೀಸಿನವರ ಮೇಲೆಯೇ ಸಾಫ್ಟ್‌ವೇರನ್ನು ಓಡಿಸಿ ನೋಡುವುದೆಂದು ತೀರ್ಮಾನವಾಯಿತು.

ಹಾಗೆ ಅದರ ಬಾಯಿಗೆ ಮೊದಲು ಸಿಕ್ಕಿದವನು ನಮ್ಮ ಎಲೆಕ್ಟ್ರಿಷಿಯನ್. ಬೋಳಾರದವನು. ಅವನ ಮನೆಯವರೆಲ್ಲ ತಲೆಮಾರುಗಳಿಂದ ಕಡಲಿಗೆ ಹೋಗುವವರು. ಅಣ್ಣಂದಿರು ಇಂದಿಗೂ ಬೋಟಿನಲ್ಲಿದ್ದಾರೆ, ಅತ್ತಿಗೆ ಬಂದರಿನಲ್ಲಿ ಮೀನು ಮಾರುತ್ತಾಳೆ. ಇವನಿಗೆ ಕಡಲೆಂದರೆ ವಾಂತಿ, ಆದ್ದರಿಂದ ವಯರಿಂಗ್ ಕಲಿತು ನಮ್ಮಲ್ಲಿಗೆ ಬಂದ. ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಅವನನ್ನು ‘ನೀನು’ ಎನ್ನುತ್ತೇನೆ, ಅವನು ನನ್ನನ್ನು ‘ಮೇಡಂ’.

ಅವನ ಮದುವೆಯಾಗಿ ವರ್ಷವಾಗಿತ್ತು. ನಾವೆಲ್ಲ ಹಾಲ್‌ಗೆ ಹೋಗಿ ಉಂಡು ಬಂದಿದ್ದೆವು. ಆದರೆ ನಮ್ಮ ಕಡೆ ಮದುವೆಯಾಗುವುದು ಒಂದು ಕೆಲಸ, ಅದನ್ನು ನೋಂದಾಯಿಸುವುದು ಬೇರೆಯೇ ಕೆಲಸ. ಪಾಸ್‌ಪೋರ್ಟೋ ಗಲ್ಫಿನ ವೀಸಾವೋ ಬೇಕಾದಾಗ ಮಾತ್ರ ಎರಡನೆಯದರ ನೆನಪಾಗುತ್ತದೆ. ಇದು ಗೊತ್ತಿದ್ದೇ ನಾನು ನಿಯಮದಲ್ಲಿ ಮದುವೆಯ ಮೂವತ್ತು ದಿನವನ್ನು ಸರ್ಟಿಫಿಕೇಟು ಸಿಕ್ಕ ದಿನದಿಂದ ಎಣಿಸಬೇಕೆಂದು ಬರೆದಿದ್ದೆ. ಅದೊಂದು ಒಳ್ಳೆಯ ನಿಯಮವೇ, ಈಗಲೂ ಹಾಗೆಯೇ ಇದೆ. ಹೆಂಡತಿಯ ಹೆಸರನ್ನು ವಿಮೆಗೆ ಸೇರಿಸಿಲ್ಲ ಎಂಬುದು ಅವನಿಗೆ ಹೊಳೆದದ್ದು ಅವಳ ಸೀಮಂತವಾದ ಮೇಲೆ. ಇಬ್ಬರೂ ನೋಂದಣಿ ಕಚೇರಿಗೆ ಹೋದರು. ಏಳು ತಿಂಗಳ ಹೊಟ್ಟೆ ಹೊತ್ತ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಅಲ್ಲಿನ ಗುಮಾಸ್ತರು ಬಹಳ ಸಾವಧಾನವಾಗಿ, “ನಿಮ್ಮಿಬ್ಬರ ಮದುವೆ ನಿಜವಾಗಿ ಆಗಿದೆಯಾ?” ಎಂದು ಕೇಳಿದರಂತೆ. ಅವಳು ಅದಕ್ಕಿಂತ ಸಾವಧಾನವಾಗಿ, “ಸಂಶಯ ಉಂಟಾ ಸರ್?” ಎಂದಳಂತೆ. ಇದನ್ನು ಅವನು ಬಂದು ನಮಗೆ ಹೇಳಿದ, ನಾವು ವಾರವಿಡೀ ಹೇಳಿಕೊಂಡು ನಕ್ಕೆವು. ಹೆಂಡತಿಯ ಹೆಸರು ಪಟ್ಟಿಗೆ ಸೇರಿತು.

ಸರ್ಟಿಫಿಕೇಟು ಸಿಕ್ಕ ಇಪ್ಪತ್ತಾರನೆಯ ದಿನ, ವೈದ್ಯರು ಹೇಳಿದ್ದಕ್ಕಿಂತ ತಿಂಗಳ ಮೊದಲೇ, ಮಗು ಹುಟ್ಟಿತು. ಹೆಣ್ಣು. ಅಂಗೈ ಎರಡು ಜೋಡಿಸಿದರೆ ಹಿಡಿಸುವಷ್ಟು ಎಂದು ಆಮೇಲೆ ಅವನೇ ಕೈ ಜೋಡಿಸಿ ತೋರಿಸಿದ. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅವನು ನಾಲ್ಕು ದಿನ ಆಸ್ಪತ್ರೆಯ ಕಾರಿಡಾರು ಬಿಟ್ಟು ಕದಲಲಿಲ್ಲ. ಐದನೆಯ ದಿನ ಮಗುವಿನ ಹೆಸರನ್ನು ಸೇರಿಸಲು ಫೋನಿನಲ್ಲಿ ನಮ್ಮ ಸಾಫ್ಟ್‌ವೇರನ್ನು ತೆರೆದ. ‘ಈ ಘಟನೆಯ ಅವಧಿ ಮುಗಿದಿದೆ. ದಯವಿಟ್ಟು ಏಪ್ರಿಲ್‌ನಲ್ಲಿ ಪ್ರಯತ್ನಿಸಿ’ ಎಂದು ಬಂತು. ಆ ‘ದಯವಿಟ್ಟು’ ಕೂಡ ನಾನೇ ಬರೆದದ್ದು.

ಅದು ಬುಧವಾರ. ಅವನು ಆಸ್ಪತ್ರೆಯಿಂದ ನೇರ ನನ್ನ ಮೇಜಿಗೆ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿದ್ದ.

“ಮೇಡಂ, ಮಗು ಹುಟ್ಟಿ ಐದು ದಿನ ಆಯಿತಷ್ಟೇ. ಮೂವತ್ತು ದಿನ ಉಂಟಲ್ವಾ? ಆಸ್ಪತ್ರೆಯಲ್ಲಿ ವಿಮೆಯ ಕೌಂಟರಿನವರು ಶನಿವಾರದವರೆಗೆ ಕಾಯ್ತೇವೆ ಅಂದ್ರು. ಅಷ್ಟರಲ್ಲಿ ಮಗು ಪಟ್ಟಿಯಲ್ಲಿ ಇರಬೇಕಂತೆ. ನಾನು ಎಂತಾದ್ರೂ ತಪ್ಪು ಒತ್ತಿದೆನಾ?”

ನಾನು ಸ್ಕ್ರೀನ್ ನೋಡಿದೆ. ಮದುವೆ ನೋಂದಣಿಯಾಗಿ ಮೂವತ್ತೊಂದನೆಯ ದಿನ. ನಿನ್ನೆಗೆ ಮದುವೆಯ ಬಾಗಿಲು ಮುಚ್ಚಿತ್ತು. ಮೊದಲಿನದರ ಜೊತೆಗೇ ಎರಡನೆಯದೂ ಮುಗಿದಿತ್ತು. ಆ ಮಗುವಿಗೆ ನಾನು ಕೊಟ್ಟದ್ದು ನಾಲ್ಕೇ ದಿನ. 

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: ತಪ್ಪು ನಿನ್ನದಲ್ಲ, ನನ್ನದು. ಹೇಳಲಿಲ್ಲ. “ಕೂತುಕೋ ಮಾರಾಯ, ಎಂತದೋ ಸಣ್ಣ ಪ್ರಾಬ್ಲಮ್, ನೋಡ್ತೇನೆ” ಎಂದೆ. ನಿಯಮ ತಿದ್ದಬೇಕಾದರೆ ಪುಣೆಗೆ ಬರೆದು ಕಾರಣ ಹೇಳಿ ಮೂರು ಮಂದಿಯ ಒಪ್ಪಿಗೆ ಪಡೆಯಬೇಕು. ಕಾರಣ ಹೇಳುವುದೆಂದರೆ ಮರ್ಯಾದೆ ಹೋಗುವುದು. ಬುದ್ಧಿವಂತಿಕೆಯಿಂದ ಮಾಡಿದ ತಪ್ಪನ್ನು ಇನ್ನಷ್ಟು ಬುದ್ಧಿವಂತಿಕೆಯಿಂದಲೇ ಮುಚ್ಚಬಹುದು ಎಂದು ನನಗೆ ಭಯಂಕರ ನಂಬಿಕೆ.

ಸಾಫ್ಟ್‌ವೇರಿನ ಒಂದು ನಕಲನ್ನು ಪರೀಕ್ಷೆಗೆಂದೇ ಇಟ್ಟಿದ್ದೆವು. ಅದರಲ್ಲಿ ಅವನ ಸಂಸಾರವನ್ನು ತೆರೆದೆ. ಮದುವೆಯ ದಿನವನ್ನು ಹಾಲ್‌ನಲ್ಲಿ ಊಟ ಹಾಕಿದ ದಿನಕ್ಕೆ ಬದಲಾಯಿಸಿದೆ. ಒಂದರೊಳಗೆ ಇನ್ನೊಂದು ಬೀಳುವುದು ತಪ್ಪಿತು, ಮಗು ಒಳಗೆ ಬಂತು. ಆದರೆ ವರ್ಷದ ಹಿಂದಿನ ಮದುವೆಯ ಬಾಗಿಲು ಎಂದೋ ಮುಚ್ಚಿದ್ದರಿಂದ ಹೆಂಡತಿ ಹೊರಗೆ ಹೋದಳು. ಹೆರಿಗೆಯಾದ ಹೆಂಡತಿ ಬೇಕೋ, ಹುಟ್ಟಿದ ಮಗು ಬೇಕೋ ಆರಿಸಿಕೋ ಎಂದು ಅವನಿಗೆ ಹೇಳುವುದು ಹೇಗೆ? ದಿನವನ್ನು ಮೊದಲಿನ ಹಾಗೆಯೇ ಮಾಡಿದೆ. ಆಮೇಲೆ ದತ್ತು ಹೊಳೆಯಿತು. ದತ್ತುವಿಗೆ ಹೊಸ ದಿನ, ಹೊಸ ಬಾಗಿಲು.

ಟೆಸ್ಟಿಂಗ್ ಹುಡುಗಿ ನನ್ನ ಭುಜದ ಮೇಲಿನಿಂದ ಬಗ್ಗಿ ನೋಡಿದಳು. “ಅವನ ಮಗುವನ್ನು ಅವನೇ ದತ್ತು ತೆಗೆದುಕೊಳ್ಳುವುದಾ?” ಎಂದು ಪಿಸುಗುಟ್ಟಿದಳು. “ಕಾಗದ ಎಲ್ಲಿಂದ ತರ್ತೀರಿ?”

ಅದೂ ಹೋಯಿತು. ಉಳಿದದ್ದು ವಿಚ್ಛೇದನ. ವಿಚ್ಛೇದನ ಹಾಕಿ ಬಾಗಿಲು ತೆರೆಸಿ, ಮಗುವನ್ನು ಸೇರಿಸಿ, ಆಮೇಲೆ ವಿಚ್ಛೇದನವನ್ನು ರದ್ದು ಮಾಡಿದರೆ? ನಕಲಿನಲ್ಲಿ ತಾನೇ, ನೋಡಿಯೇಬಿಡೋಣ ಎಂದು ಒತ್ತಿದೆ.

ಎದುರಿನ ಕುರ್ಚಿಯಲ್ಲಿ ಅವನ ಫೋನು ಟಿಣ್ ಎಂದಿತು. ಅವನು ಓದಿದ. ಇನ್ನೊಂದು ಸಲ ಓದಿದ.

“ಮೇಡಂ,” ಎಂದ, “ನನಗೆ ಡೈವೋರ್ಸ್ ಆಯಿತಂತೆ.”

ನಕಲಿನಿಂದ ಹೋಗುವ ಸಂದೇಶಗಳನ್ನು ನಿಲ್ಲಿಸಿಡಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಮೊದಲ ಪಾಠವಾದ್ದರಿಂದ ಯಾರಿಗೂ ನೆನಪಿರಲಿಲ್ಲ.

“ಅದು ಸುಮ್ಮನೆ ಮಾರಾಯ, ಟೆಸ್ಟಿಂಗ್. ನಿಜ ಅಲ್ಲ.”

“ಹೌದಾ,” ಎಂದ. ಸ್ವಲ್ಪ ಯೋಚಿಸಿ, “ಅವಳಿಗೂ ಹೋಗ್ತದಾ?” ಎಂದು ಕೇಳಿದ.

ಹೋಗಿತ್ತು. ಅವನ ಫೋನು ಬಡಿದುಕೊಳ್ಳತೊಡಗಿತು. ಹೆರಿಗೆ ವಾರ್ಡಿನಿಂದ ಅವನ ಹೆಂಡತಿ ತುಳುವಿನಲ್ಲಿ ಮಾತಾಡಿದ್ದು ನನ್ನ ಮೇಜಿಗೂ ಅದರಾಚೆಗೂ ಸ್ಪಷ್ಟವಾಗಿ ಕೇಳಿಸಿತು. ಅವನು “ಇಲ್ಲ... ಅಲ್ಲ... ನಮ್ಮ ಮೇಡಂ... ಹೌದು, ಅವರೇ...” ಎನ್ನುತ್ತ ಎದ್ದು ಮೆಟ್ಟಿಲ ಕಡೆ ಹೋದ. ಟೆಸ್ಟಿಂಗ್ ಹುಡುಗಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಮೇಜಿನ ಕೆಳಗೆ ಬಗ್ಗಿದಳು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ನಗುತ್ತಿರುವಾಗಲೇ ನಾಚಿಕೆಯೂ ಆಯಿತು. ಅವನು ತಿರುಗಿ ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತ.  ಸಂಜೆಯಾಗುವಾಗ “ನಾಳೆ ಬರ್ತೇನೆ ಮೇಡಂ” ಎಂದು ಆಸ್ಪತ್ರೆಗೆ ಹೋದ.

ಮನೆಗೆ ಬಂದು ದೊಡ್ಡಮ್ಮನ ಎದುರು ಕೂತು ಎಲ್ಲವನ್ನೂ ಹೇಳಿದೆ. ಅರ್ಧ ಅವರ ಮೇಲೆ ಹೊರಿಸುವ ಉದ್ದೇಶ ನನ್ನದು. ಅವರು ಪೂರ್ತಿ ಕೇಳಿದರು. ನನ್ನ ಹಾಗಲ್ಲ, ಅವರು ಪೂರ್ತಿ ಕೇಳುವವರು.

“ನಾನು ‘ಆದ್ರೆ’ ಅಂದಿದ್ದೆ,” ಎಂದರು. “ನೀನು ಕಾಫಿ ಲೋಟ ಕುಕ್ಕಿ ಎದ್ದು ಹೋದಿ. ಮೊದಲಿನದ್ದರ ಕೊನೆಗೆ ಬಂದು ಬಿದ್ರೆ ದಿನ ಸೇರಿಸಿ ಎಣಿಸಬೇಕು. ಕೊನೆಯ ರಾತ್ರಿ ಬಂದ್ರೆ ಎರಡು ದಿನ ಜಾಸ್ತಿ, ಬೆಳಗಾಗುವ ಹೊತ್ತಿಗೆ ಬಂದ್ರೆ ಮೂರು ದಿನ. ಹಿರಿಯರು ಎಂತ ದಡ್ಡರಾ?”

“ಎರಡು ಮೂರು ದಿನದಿಂದ ನನಗೆ ಎಂತ ಆಗ್ತದೆ ದೊಡ್ಡಮ್ಮ? ಮೂವತ್ತು ಬೇಕು.”

“ಅದಲ್ಲ ಹೆಣ್ಣೇ.” ಅವರಿಗೆ ಈಗ ನಿಜವಾಗಿ ಸಿಟ್ಟು ಬಂದಿತ್ತು. “ಸೂತಕ ಅಂದ್ರೆ ಎಂತ? ಕಟ್ಟು. ಇಲ್ಲಿಗೆ ಹೋಗಬೇಡ, ಅದನ್ನು ಮುಟ್ಟಬೇಡ. ಕಟ್ಟಿನ ಮೇಲೆ ಕಟ್ಟು ಬಿದ್ದರೆ ಜನರಿಗೆ ಕಷ್ಟ, ಬೇಗ ಬಿಡಿಸುವ ಅಂತ ಹಾಗೆ ಮಾಡಿದ್ದು. ನೀನು ಕೊಡುವುದು ಎಂತ? ಜನರಿಗೆ ಒಂದು ಉಪಕಾರ. ಉಪಕಾರವನ್ನು ಯಾರಾದ್ರೂ ಬೇಗ ಮುಗಿಸ್ತಾರಾ? ಒಂದು ಮನೆಗೆ ಎರಡು ಸಲ ಬಡಿಸಬೇಕಾಗಿ ಬಂದ್ರೆ ಎರಡು ಸಲವೂ ಬಡಿಸಬೇಕು.”

ಹತ್ತು ವರ್ಷದ ಅನುಭವ, ಮೂರು ತರಬೇತಿ, ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟು. ಇವ್ಯಾವುದೂ ಆ ಮಾತನ್ನು ನನಗೆ ಹೇಳಿಕೊಟ್ಟಿರಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ದೊಡ್ಡಮ್ಮ, “ಮಗು ಹಾಲು ಕುಡೀತದಾ?” ಎಂದು ಕೇಳಿದರು. ನಾನು ಅವನ ಹತ್ತಿರ ಅದನ್ನು ಕೇಳಿರಲಿಲ್ಲ.

ಗುರುವಾರ ಬೆಳಗ್ಗೆ ಪುಣೆಗೆ ಫೋನು ಮಾಡಿದೆ. ಟೆಸ್ಟಿಂಗ್ ಹುಡುಗಿ ಸಾಕ್ಷಿಗೆಂದು ಪಕ್ಕದಲ್ಲಿ ಕೂತಳು. ನಿಯಮ ತಪ್ಪು, ತಪ್ಪು ನನ್ನದು, ಒಂದು ಮಗು ಹೊರಗಿದೆ, ಶನಿವಾರದೊಳಗೆ ತಿದ್ದಬೇಕು ಎಂದು ಒಂದೇ ಉಸಿರಿಗೆ ಹೇಳಿದೆ. ಮ್ಯಾನೇಜರು ಪತ್ರವನ್ನು ತೆರೆದು ನೋಡಿದರು.

“ಆಧಾರದ ಕಾಲಮಿನಲ್ಲಿ ಸ್ಥಳೀಯ ರೂಢಿ ಅಂತ ಇದೆ. ಯಾವ ರೂಢಿ? ಯಾರು ಕೊಟ್ಟದ್ದು?”

“ನನ್ನ ದೊಡ್ಡಮ್ಮ,” ಎಂದೆ.

 ಅವರು ಬಹಳ ಎಚ್ಚರಿಕೆಯಿಂದ, “ಅವರು ಯಾವ ವಿಭಾಗದಲ್ಲಿದ್ದಾರೆ?” ಎಂದು ಕೇಳಿದರು.

ಸೂತಕದ ಕತೆ ಹೇಳಲೇಬೇಕಾಯಿತು. ಇಂಗ್ಲಿಷಿನಲ್ಲಿ ಅಮೆ ಮತ್ತು ಸೂತಕವನ್ನು ವಿವರಿಸಿ ನೋಡಿ, ಆಗ ನನ್ನ ಕಷ್ಟ ತಿಳಿಯುತ್ತದೆ. ನಾನು ಅರ್ಧಕ್ಕೆ ಬರುವಾಗ ಅವರೇ ನನ್ನ ವಾಕ್ಯವನ್ನು ಪೂರ್ತಿ ಮಾಡಿದರು. ಅವರ ಮನೆಯಲ್ಲೂ ಅಜ್ಜಿ ಹೀಗೆಯೇ ಬೆರಳೆಣಿಸುತ್ತಿದ್ದರಂತೆ. “ಅದಕ್ಕೇ ಓದುವಾಗ ನನಗೆ ಎಲ್ಲ ಸರಿಯಾಗಿದೆ ಅನ್ನಿಸಿತು,” ಎಂದು ಅವರು ಸಣ್ಣ ದನಿಯಲ್ಲಿ ಹೇಳಿದರು. ಒಪ್ಪಿಗೆ ಹಾಕಿದ ಮೂವರಲ್ಲಿ ಮೂವರೂ ಅಂಥ ಮನೆಯವರೇ ಎಂದು ಆಮೇಲೆ ಗೊತ್ತಾಯಿತು.

ನಾನು ಫೋನನ್ನು ಪಕ್ಕದವಳ ಕಡೆ ಸರಿಸಿದೆ. “ಇವಳು ಮೊದಲೇ ಕೇಳಿದ್ದಳು ಸರ್. ನಾನೇ ಬಾಯಿ ಮುಚ್ಚಿಸಿದ್ದು,” ಎಂದೆ. ಹೊಸ ನಿಯಮವನ್ನು ಅವಳೇ ಬರೆದಳು. ಪ್ರತಿ ಘಟನೆಗೂ ಅದರದ್ದೇ ಮೂವತ್ತು ದಿನ, ಯಾವುದೂ ಇನ್ನೊಂದನ್ನು ಮುಚ್ಚುವ ಹಾಗಿಲ್ಲ, ಒಂದೇ ಹೆಸರು ಎರಡು ಸಲ ಬಂದರೆ ಒಂದನ್ನು ತೆಗೆದರಾಯಿತು. ಅಷ್ಟೇ. ಎರಡು ಸಾಲು. ಅದನ್ನು ಎಲ್ಲ ಜೋಡಿಗಳ ಮೇಲೆ ಓಡಿಸಿ ನೋಡುವುದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನವೂ ಎಲೆಕ್ಟ್ರಿಷಿಯನ್ ಹಗಲು ಹೊತ್ತು ಒಂದೊಂದು ಗಂಟೆ ಬಂದು ನನ್ನ ಎದುರು ಕೂತು ಹೋದ. “ಆಗ್ತದೆ ಅಲ್ವಾ ಮೇಡಂ?” ಎಂಬುದು ಬಿಟ್ಟು ಬೇರೆ ಮಾತಿಲ್ಲ. ನಾನು ಟೀ ತರಿಸಿದರೆ ಕುಡಿಯುವನು, “ಥ್ಯಾಂಕ್ಸ್ ಮೇಡಂ” ಎನ್ನುವನು. ಅವನು ಥ್ಯಾಂಕ್ಸ್ ಎಂದಾಗಲೆಲ್ಲ ನನಗೆ ಕುರ್ಚಿಯಲ್ಲಿ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಪುಣೆಗೆ ಹೇಳಿದ್ದನ್ನು ಇವನಿಗೆ ಹೇಳಲು ಬಾಯಿ ಬರಲಿಲ್ಲ. ಮ್ಯಾನೇಜರ ಎದುರು ಮರ್ಯಾದೆ ಕಳೆದುಕೊಳ್ಳುವುದು ಸುಲಭ, ಅವರು ಪುಣೆಯಲ್ಲಿದ್ದಾರೆ.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ಹೊಸ ನಿಯಮ ಜಾರಿಗೆ ಬಂತು. ನಾನು ಆಸ್ಪತ್ರೆಗೆ ಫೋನು ಮಾಡಿ “ಈಗ ಒತ್ತು” ಎಂದೆ. ಮಗುವಿಗೆ ಇನ್ನೂ ನಾಮಕರಣ ಆಗಿರಲಿಲ್ಲ. ಹೆಸರಿನ ಜಾಗದಲ್ಲಿ ಎಂತ ಬರೆಯಲಿ ಎಂದು ಕೇಳಿದ. ‘ಹೆಣ್ಣು ಮಗು’ ಎಂದು ಬರಿ ಎಂದೆ. ಬರೆದ, ಒತ್ತಿದ. ‘ಸೇರಿಸಲಾಗಿದೆ’ ಎಂದು ಬಂತು. ಹತ್ತು ಗಂಟೆಗೆ ಕೌಂಟರಿನವರಿಗೂ ಅದು ಕಾಣಿಸಿತು. ಟೆಸ್ಟಿಂಗ್ ಹುಡುಗಿ ಕುರ್ಚಿಯನ್ನು ಗಿರಗಿರ ತಿರುಗಿಸಿದಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಅತ್ತೆ.

ಎರಡು ವಾರದ ನಂತರ ಮಗು ಪೆಟ್ಟಿಗೆಯಿಂದ ಹೊರಬಂದು ತಾಯಿಯ ಪಕ್ಕಕ್ಕೆ ಬಂತು, ಅಲ್ಲಿಂದ ಬೋಳಾರದ ಮನೆಗೂ ಹೋಯಿತು. ಮರುದಿನ ಅವನು ಕೆಲಸಕ್ಕೆ ಬಂದ. ಗಡ್ಡ ತೆಗೆದಿದ್ದ, ಗುಂಡಿ ಸರಿಯಾಗಿ ಹಾಕಿದ್ದ. ನನ್ನ ಮೇಜಿನ ಬಳಿ ಬಂದು, “ಮೇಡಂ, ಐದು ನಿಮಿಷ ಬರ್ತೀರಾ?” ಎಂದು ಮೀಟಿಂಗ್ ರೂಮಿಗೆ ಕರೆದುಕೊಂಡು ಹೋದ. ಒಳಗೆ ಹೋದ ಮೇಲೆ ಬಾಗಿಲು ಹಾಕಿದ. ಈಗಲಾದರೂ ಹೇಳಿಬಿಡೋಣ ಎಂದು ನಾನು ಬಾಯಿ ತೆರೆದೆ.

“ನಿನ್ನ ಹತ್ರ ಒಂದು ವಿಷಯ ಹೇಳ್ಲಿಕ್ಕೆ ಉಂಟು ಮಾರಾಯ. ಆ ನಿಯಮ...”

“ನೀವು ಬರೆದದ್ದು,” ಎಂದ. “ಬುಧವಾರವೇ ಗೊತ್ತಿತ್ತು. ಮೆಟ್ಟಿಲ ಹತ್ರ ನಿಂತಿದ್ದಾಗ ಕ್ಯಾಂಟೀನಿನವರು ಹೇಳಿದ್ರು. ಹೆಂಡತಿಗೆ ಅಲ್ಲಿಂದಲೇ ಹೇಳಿದೆ. ಅವಳು ಅಂದಳು, ಮಗುವಿನ ಹೆಸರು ಸೇರುವವರೆಗೆ ಒಂದು ಮಾತು ಬೈಯಬೇಡಿ, ಮುಖವೂ ಬದಲಾಗುವುದು ಬೇಡ, ಅವರ ಕೈಯಲ್ಲಿ ಕೆಲಸ ಉಂಟು. ಮಗು ಮನೆಗೆ ಬರಲಿ ಅಂತ ನಾನು ಇಷ್ಟು ದಿನ ಕಾದೆ. ಈಗ ಬೈಯಲಾ?”

ಬೈಯಿ ಎಂದೆನೋ, ತಲೆ ಆಡಿಸಿದೆನೋ ನೆನಪಿಲ್ಲ. ಅವನು ಬೈದ. ತುಳುವಿನಲ್ಲಿ, ನಿಂತುಕೊಂಡು, ಕಿರುಚದೆ ಬೈದ. ಗಾಜಿನ ಪೆಟ್ಟಿಗೆಯಲ್ಲಿದ್ದ ಮಗುವಿನ ಕಾಲಿಗೆ ತಾಯಿಯ ಹೆಸರು ಬರೆದ ಒಂದು ಪಟ್ಟಿ ಕಟ್ಟಿದ್ದರು ಗೊತ್ತುಂಟಾ ಎಂದು ಕೇಳಿದ. ಬೆರಳಷ್ಟು ಅಗಲದ ಕಾಲು, ಪಟ್ಟಿ ಜಾರಿ ಜಾರಿ ಬೀಳುತ್ತಿತ್ತು, ಪ್ರತಿ ಸಲ ಬಿದ್ದಾಗಲೂ ಯಾರ ಮಗುವೆಂದು ತಿಳಿಯದೆ ಹೋಗುತ್ತದೆಂದು ಅವನಿಗೆ ಎದೆ ನಡುಗುತ್ತಿತ್ತು. ಅಲ್ಲಿ ಹಾಗೆ, ಇಲ್ಲಿ ಬಂದರೆ ನನ್ನ ಪಟ್ಟಿಯಲ್ಲೂ ಇಲ್ಲ. ಹುಟ್ಟಿದ ಮಗು ಎಲ್ಲಿಯೂ ಇಲ್ಲದ ಹಾಗೆ ಮಾಡಿದಿರಿ ಎಂದ. ಅವನು ಮೆಟ್ಟಿಲ ಹತ್ತಿರ ಹೆಂಡತಿಯೊಡನೆ ಮಾತಾಡುತ್ತಿದ್ದಾಗ ನಾನು ನಕ್ಕದ್ದನ್ನು ಅವನು ನೋಡಿದ್ದ, ಅದನ್ನೂ ಹೇಳಿದ. ಪ್ರತಿಯೊಂದು ಮಾತೂ ನಿಜವಾಗಿತ್ತು.

ಅವನು ಉಸಿರು ತೆಗೆದುಕೊಳ್ಳಲು ನಿಂತ. ಮುಗಿಯಿತೆಂದು ತಿಳಿದು ನಾನು ಕಣ್ಣೊರೆಸಿಕೊಂಡು, “ತಪ್ಪಾಯಿತು ಮಾರಾಯ” ಎನ್ನುತ್ತ ಏಳಹೊರಟೆ.

“ಇನ್ನೂ ಉಂಟು ಅಕ್ಕ,” ಎಂದ, ಮೊದಲ ಸಲ ‘ಮೇಡಂ’ ಬಿಟ್ಟು. “ಕೂತುಕೊಳ್ಳಿ.”

ಕೂತೆ.